ತಂಗಿ ಮದುವೆಗೆ ತಮ್ಮನಿಗೆ ರಜೆ ಸಿಗುತ್ತಾ? ಮಿಲಿಟರಿಯಲ್ಲಿ ಛುಟ್ಟಿ ಲೆಕ್ಕ ಗೊತ್ತಿರುವವರು ಹೇಳಿ

ಜಗಳೂರಿನ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ತಮ್ಮ ಸೇನೆ ಸೇರಿ ಆರು ವರ್ಷ ಆಯಿತು. ಈಗ ಅರುಣಾಚಲದಲ್ಲಿ, ತವಾಂಗ್ ಕಡೆ ಇದ್ದಾನೆ. ಮನೆಯಲ್ಲಿ ಕೊನೆಯ ತಂಗಿಯ ಮದುವೆ ಗೊತ್ತಾಗಿದೆ. ಗಂಡಿನ ಕಡೆಯವರು ಹರಪನಹಳ್ಳಿಯವರು. ಎರಡೂ ಕಡೆ ಹಿರಿಯರು ಕೂತು ಮೇ ಎರಡನೇ ವಾರಕ್ಕೆ ಮುಹೂರ್ತ ಇಡಿಸಿದರು. ದಾವಣಗೆರೆಯಲ್ಲಿ ಛತ್ರಕ್ಕೆ ಮುಂಗಡವನ್ನೂ ಕೊಟ್ಟಾಯಿತು. ಆಮೇಲೆ ತಮ್ಮನಿಗೆ ಫೋನ್ ಮಾಡಿದೆವು.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಕ್ಕ, ಡೇಟ್ ಇಡೋಕೆ ಮುಂಚೆ ನನ್ನ ಒಂದು ಮಾತು ಕೇಳಬಾರದಿತ್ತಾ" ಅಂದ. ರಜೆ ಸಿಕ್ಕರೆ ಬರುತ್ತೇನೆ, ಈಗಲೇ ಏನೂ ಹೇಳೋಕಾಗಲ್ಲ ಅಂತ ಫೋನ್ ಇಟ್ಟ.

ಅಪ್ಪನಿಗೆ ಸಿಟ್ಟು ಬಂದಿದೆ. "ವರ್ಷಕ್ಕೆ ಮೂರು ತಿಂಗಳು ರಜೆ ಇರೋ ನೌಕರಿ. ಒಡಹುಟ್ಟಿದ ತಂಗಿ ಮದುವೆಗೆ ಹದಿನೈದು ದಿನ ಕೊಡಲ್ವಂತಾ? ಇವನಿಗೇ ಬರೋ ಮನಸ್ಸಿಲ್ಲ" ಅನ್ನುತ್ತಾರೆ. ಅವ್ವ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನನಗೆ ತಮ್ಮ ಗೊತ್ತು, ಮನಸ್ಸಿಲ್ಲ ಅನ್ನೋದು ಸುಳ್ಳು. ಆದರೆ ಅಪ್ಪನಿಗೆ ಹೇಳೋಕೆ ನನ್ನ ಹತ್ತಿರ ಲೆಕ್ಕ ಇಲ್ಲ. ನಿಜವಾಗಿ ರಜೆ ಎಷ್ಟು, ಯಾರು ಕೊಡುತ್ತಾರೆ, ಯಾಕೆ ತಡೆಯುತ್ತಾರೆ? ಸೇನೆಯಲ್ಲಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಹೊಳಲ್ಕೆರೆ ಮಾಜಿ ಹವಾಲ್ದಾರ್:

ತಂಗಿ, ನಾನು ಮದ್ರಾಸ್ ರೆಜಿಮೆಂಟ್‌ನಲ್ಲಿ 22 ವರ್ಷ ಇದ್ದೆ. ಕೊನೆಯ ವರ್ಷಗಳಲ್ಲಿ ಸಿಎಚ್‌ಎಮ್, ಅಂದರೆ ಕಂಪನಿ ಹವಾಲ್ದಾರ್ ಮೇಜರ್ ಆಗಿದ್ದೆ. ಹುಡುಗರ ಲೀವ್ ಪ್ಲಾನ್ ಬರೆಯುತ್ತಿದ್ದವನು ನಾನೇ. ಹಾಗಾಗಿ ನಿಮ್ಮ ಅಪ್ಪನಿಗೆ ನಾನು ಹೇಳಿದೆ ಅಂತಲೇ ಹೇಳಿ.

ಮೂರು ತಿಂಗಳು ಅನ್ನೋದು ಸುಳ್ಳಲ್ಲ. ಜವಾನನಿಂದ ಹಿಡಿದು ಸುಬೇದಾರ್ ಮೇಜರ್ ತನಕ ವರ್ಷಕ್ಕೆ 60 ದಿನ ಆನ್ಯುವಲ್ ಲೀವ್, 30 ದಿನ ಕ್ಯಾಶುಯಲ್ ಲೀವ್. ಅಧಿಕಾರಿಗಳಿಗೆ 60 ಮತ್ತು 20. ವರ್ಷ ಅಂದರೆ ಜನವರಿಯಿಂದ ಡಿಸೆಂಬರ್. 60 ದಿನವನ್ನು ಒಂದೇ ಸಲ ತಗೊಳ್ಳಬಹುದು, ಎರಡು ಮೂರು ಭಾಗ ಮಾಡಿಯೂ ತಗೊಳ್ಳಬಹುದು. ಮಧ್ಯೆ ಬರುವ ಭಾನುವಾರವೂ ಅದರೊಳಗೇ ಲೆಕ್ಕ. ಕ್ಯಾಶುಯಲ್ ಲೀವ್‌ನ ಗುಣ ಬೇರೆ. ಆ ದಿನಗಳನ್ನು ಡ್ಯೂಟಿ ಅಂತಲೇ ಹಿಡಿಯುತ್ತಾರೆ. ಅದಕ್ಕೇ ಅದನ್ನು ಆನ್ಯುವಲ್ ಲೀವ್‌ಗೆ ಅಂಟಿಸಿ ಒಂದೇ ಉದ್ದ ರಜೆ ಮಾಡೋಕೆ ಬಿಡುವುದಿಲ್ಲ.

ಈಗ ಅಸಲು ವಿಷಯ. ರಜೆ ಇದೆ, ಆದರೆ ಅದು ಹಕ್ಕಲ್ಲ. ನಿಯಮದಲ್ಲೇ ಹಾಗಿದೆ. ಕೆಲಸದ ಅಗತ್ಯ ನೋಡಿ ಕೊಡುತ್ತಾರೆ. ಇದನ್ನು ಕೇಳಿ ಬೇಜಾರಾಗಬೇಡಿ, ಒಂದು ಲೆಕ್ಕ ಹಾಕಿ. ಕಂಪನಿಯಲ್ಲಿ, ಅಂದರೆ ಸೇನೆಯ ಒಂದು ತುಕಡಿಯಲ್ಲಿ, ನೂರು ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಎಲ್ಲರಿಗೂ 90 ದಿನ ಕೊಡಬೇಕು. ಹಾಗಾದರೆ ವರ್ಷದ ಯಾವ ದಿನ ಎಣಿಸಿದರೂ ಸುಮಾರು 25 ಜನ ಊರಲ್ಲಿರಬೇಕು. ಉಳಿದ 75ರಲ್ಲಿ ಕೆಲವರು ಕೋರ್ಸ್‌ಗೆ ಹೋಗಿರುತ್ತಾರೆ. ಕೆಲವರು ಆಸ್ಪತ್ರೆಯಲ್ಲಿ. ಲಂಗರ್‌ನಲ್ಲಿ ಅಡುಗೆ ಆಗಬೇಕು, ಗಾಡಿ ಓಡಬೇಕು, ಸ್ಟೋರ್ ಕಾಯಬೇಕು. ಕೊನೆಗೆ ಪೋಸ್ಟ್‌ನಲ್ಲಿ ರಾತ್ರಿ ಸಂತ್ರಿ ನಿಲ್ಲೋಕೆ ಎಷ್ಟು ಜನ ಉಳಿದರು ನೋಡಿ. ಇನ್ನೂ ಐದು ಜನ ಜಾಸ್ತಿ ರಜೆ ಹೋದರೆ ಉಳಿದವರ ನಿದ್ದೆಯನ್ನೇ ಕತ್ತರಿಸಬೇಕು.

ವರ್ಷದ ಶುರುವಿಗೆ ಪ್ರತಿಯೊಬ್ಬನನ್ನೂ ಕೇಳಿ ಪ್ಲಾನ್ ಮಾಡುತ್ತಾರೆ. ನಮ್ಮಲ್ಲಿ ತಮಿಳರಿಗೆ ಪೊಂಗಲ್ ಬೇಕು, ಮಲಯಾಳಿಗಳಿಗೆ ಓಣಂ ಬೇಕು, ನಮಗೂ ತೆಲುಗರಿಗೂ ಯುಗಾದಿ ಬೇಕು. ದೀಪಾವಳಿ ಎಲ್ಲರಿಗೂ ಬೇಕು. ಏಪ್ರಿಲ್, ಮೇ ಅಂದರೆ ಮದುವೆ, ಮಕ್ಕಳ ಬೇಸಿಗೆ ರಜೆ, ಜಾತ್ರೆ ಎಲ್ಲ ಒಟ್ಟಿಗೆ. ಆ ಎರಡು ತಿಂಗಳಿಗೆ ಕೈ ಎತ್ತುವವರು ಯಾವಾಗಲೂ ಜಾಸ್ತಿ. ನಿಮ್ಮ ತಮ್ಮ ಪ್ಲಾನ್‌ನಲ್ಲಿ ಬೇರೆ ತಿಂಗಳು ಬರೆಸಿದ್ದರೆ, ಈಗ ಮೇ ಬೇಕು ಅಂದರೆ ಇನ್ನೊಬ್ಬನ ಹೆಸರು ಕೆಳಗಿಳಿಯಬೇಕು. ಅವನಿಗೂ ಅಕ್ಕ ತಂಗಿ ಇರುತ್ತಾರೆ, ಅಲ್ವಾ?

ಹಾಗಂತ ಬಾಗಿಲು ಮುಚ್ಚಿಲ್ಲ. ಮದುವೆಗೆ ಅಂತ ಕೇಳಿದರೆ ಸಾಹೇಬರು ಮನಸ್ಸಿಟ್ಟೇ ನೋಡುತ್ತಾರೆ. ಇವತ್ತೇ ತಮ್ಮನಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಪ್ಲಾನ್‌ನಲ್ಲಿ ಅವನ ಸರದಿ ಯಾವಾಗ? ಅವನ ಹತ್ತಿರ ಈ ವರ್ಷ ಎಷ್ಟು ದಿನ ಉಳಿದಿದೆ? ಇದು ಗೊತ್ತಾಗದೆ ನಾವು ಇಲ್ಲಿ ಎಷ್ಟು ಮಾತಾಡಿದರೂ ಪ್ರಯೋಜನ ಇಲ್ಲ.

ದುರ್ಗದ ಸೊಸೆ:

ಅಣ್ಣ ಹೇಳಿದ ಲೆಕ್ಕ ಸರಿ. ಆದರೆ ಮನೆ ಕಡೆಯಿಂದಲೂ ಒಂದು ಲೆಕ್ಕ ಇದೆ, ಅದನ್ನು ನಾನು ಹೇಳುತ್ತೇನೆ.

ನಮ್ಮ ಯಜಮಾನರು ಸೇನೆಗೆ ಸೇರಿ 14 ವರ್ಷ. ನಮ್ಮ ಮದುವೆಯಾಗಿ ಒಂಬತ್ತು. ಈ ಒಂಬತ್ತು ವರ್ಷದಲ್ಲಿ ನಾವು ಜೊತೆಗೆ ಕಳೆದ ದಿನ ಎಷ್ಟು ಅಂತ ಒಂದು ಸಲ ಎಣಿಸಿದ್ದೆ. ಎರಡು ವರ್ಷ ಕ್ವಾರ್ಟರ್ಸ್ ಸಿಕ್ಕಿತ್ತು, ಅದು ಬಿಟ್ಟರೆ ಉಳಿದದ್ದೆಲ್ಲ ರಜೆಯ ದಿನಗಳೇ. ದೊಡ್ಡ ಮಗಳು ಹುಟ್ಟಿದಾಗ ಅವರು ಬಂದದ್ದು ಮಗು ನಲವತ್ತು ದಿನದ್ದಾದ ಮೇಲೆ. ಮಗಳಿಗೆ ಎರಡು ವರ್ಷ ಇದ್ದಾಗ ಅಪ್ಪ ಬಂದರೆ ನನ್ನ ಸೀರೆ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಹತ್ತು ಹನ್ನೆರಡು ದಿನ ಬೇಕಾಗುತ್ತಿತ್ತು ಹತ್ತಿರ ಹೋಗೋಕೆ. ಅಷ್ಟರಲ್ಲಿ ಇವರು ಟ್ರಂಕ್ ತುಂಬಿಸೋ ಹೊತ್ತಾಗಿರುತ್ತಿತ್ತು.

ರಜೆ ಅಂದರೆ ಆರಾಮ ಅಂತ ಊರಿನವರು ಅಂದುಕೊಳ್ಳುತ್ತಾರೆ. ಬಂದ ಮೊದಲ ದಿನ ನೆಂಟರು. ಎರಡನೇ ದಿನದಿಂದ ತಾಲ್ಲೂಕು ಕಚೇರಿ, ಬ್ಯಾಂಕು, ಪಹಣಿ, ಬೋರ್‌ವೆಲ್ ಮೋಟರ್ ರಿಪೇರಿ, ಅತ್ತೆಯ ಕಣ್ಣು ತೋರಿಸೋದು, ಮಾಳಿಗೆ ಸೋರೋದು. ವರ್ಷವಿಡೀ "ಅವನು ಬರಲಿ" ಅಂತ ಮುಂದೆ ಹಾಕಿದ ಕೆಲಸವೆಲ್ಲ ಆ ಮೂವತ್ತು ದಿನದ ಮೇಲೆ ಬೀಳುತ್ತದೆ. ಒಂದು ಸಲ ಸಿಟ್ಟಲ್ಲಿ ಕೇಳಿದ್ದೆ, ನನಗೆ ಅಂತ ಒಂದು ದಿನ ಇಟ್ಟಿದ್ದೀರಾ ಅಂತ. ಮಾರನೇ ದಿನ ಬೆಳಿಗ್ಗೆ ಮಕ್ಕಳನ್ನೂ ಕರ್ಕೊಂಡು ಕೋಟೆ ಹತ್ತಿದೆವು, ಮಧ್ಯಾಹ್ನ ವಾಣಿವಿಲಾಸ ಸಾಗರಕ್ಕೆ ಹೋದೆವು. ಆ ದಿನ ನನಗೆ ಇವತ್ತಿಗೂ ನೆನಪಿದೆ.

ಈಗ ನಾವು ಪ್ರತಿ ಡಿಸೆಂಬರ್‌ನಲ್ಲಿ ಕ್ಯಾಲೆಂಡರ್ ಹಿಡಿದು ಫೋನಲ್ಲಿ ಕೂರುತ್ತೇವೆ. ಬಿತ್ತನೆ ಹೊತ್ತಿಗೆ ಒಂದು ಕಂತು, ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಗೆ ಅಥವಾ ದೀಪಾವಳಿಗೆ ಇನ್ನೊಂದು. ಎರಡೂ ಹಬ್ಬ ಕೇಳುವುದಿಲ್ಲ. ಕ್ಯಾಶುಯಲ್ ಲೀವ್ ಮುಟ್ಟುವುದೇ ಇಲ್ಲ, ಮನೆಯಲ್ಲಿ ಏನಾದರೂ ಆದರೆ ಅಂತ ಉಳಿಸಿಡುತ್ತೇವೆ. ನಮ್ಮ ಮಾವ ತೀರಿಕೊಂಡಾಗ ಅದೇ ಕೈ ಹಿಡಿದದ್ದು. ಸುದ್ದಿ ಹೋದ ಸಂಜೆಯೇ ಅವರನ್ನು ಬಿಟ್ಟರು. ಮಣ್ಣಿಗೆ ಸಿಗಲಿಲ್ಲ, ಅಷ್ಟು ದೂರ. ಮೂರನೇ ದಿನದ ಕಾರ್ಯಕ್ಕೆ ಬಂದರು.

ಜಗಳೂರಿನ ಅಕ್ಕ, ನಿಮ್ಮ ಅಪ್ಪ "ಮನಸ್ಸಿಲ್ಲ" ಅಂದದ್ದು ತಮ್ಮನ ಕಿವಿಗೆ ಬೀಳದಿರಲಿ. ಅಲ್ಲಿ ಕೂತವರಿಗೆ ಆ ಮಾತು ಬಹಳ ದಿನ ಕಾಡುತ್ತದೆ.

ಹಿರಿಯೂರು ಮೇಷ್ಟ್ರು:

ನನ್ನದು ಒಂದು ಅನುಮಾನ. ಕೇಂದ್ರ ಸರ್ಕಾರದ ಆಫೀಸಿನಲ್ಲಿರುವವರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 8 ದಿನ ಕ್ಯಾಶುಯಲ್ ರಜೆ, 20 ದಿನ ಅರ್ಧ ಸಂಬಳದ ರಜೆ. ಅದಕ್ಕೆ ಹೋಲಿಸಿದರೆ ಸೈನಿಕರಿಗೆ ಜಾಸ್ತಿಯೇ ಅಲ್ವಾ? ಟೀಕೆ ಮಾಡುತ್ತಿಲ್ಲ, ತಿಳಿದುಕೊಳ್ಳೋಕೆ ಕೇಳುತ್ತಿದ್ದೇನೆ.

ದುರ್ಗದ ಸೊಸೆ:

ಮೇಷ್ಟ್ರೇ, ಆಫೀಸಿನವರು ಸಂಜೆ ಮನೆಗೆ ಬರುತ್ತಾರೆ. ವರ್ಷದ 52 ಭಾನುವಾರ ಮನೆಯಲ್ಲೇ ಇರುತ್ತಾರೆ. ಮಗುವಿಗೆ ಜ್ವರ ಬಂದರೆ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋಗುತ್ತಾರೆ. ನಮ್ಮವರು ಮಗುವಿನ ಜ್ವರವನ್ನು ಫೋನಲ್ಲಿ ಕೇಳುತ್ತಾರೆ, ನೆಟ್‌ವರ್ಕ್ ಇದ್ದರೆ. ಆ 90 ದಿನ ಬಿಟ್ಟು ಉಳಿದ 275 ದಿನವೂ ಅವರು ಡ್ಯೂಟಿಯ ಜಾಗದಲ್ಲೇ ಇರುತ್ತಾರೆ.

ಹಿರಿಯೂರು ಮೇಷ್ಟ್ರು:

ಅರ್ಥವಾಯಿತು ತಾಯಿ. ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ.

ಹರಿಹರದ ಅಣ್ಣ:

ನನ್ನ ತಮ್ಮ ಅಗ್ನಿವೀರ್ ಆಗಿ ಸೇರಿದ್ದಾನೆ. ಅವನಿಗೂ 90 ದಿನವೇ?

ಚನ್ನಗಿರಿ ಫೌಜಿ:

ಇಲ್ಲ ಬ್ರದರ್. ಅಗ್ನಿವೀರರಿಗೆ ವರ್ಷಕ್ಕೆ 30 ದಿನ. ಅದು ಬಿಟ್ಟರೆ ವೈದ್ಯರು ಹೇಳಿದಾಗ ಸಿಕ್ ಲೀವ್. 2022ರ ಜೂನ್‌ನಲ್ಲಿ ಯೋಜನೆ ಘೋಷಿಸಿದಾಗಲೇ ಇದನ್ನು ಹೇಳಿದ್ದರು. ನಾಲ್ಕು ವರ್ಷದ ನಂತರ ಕಾಯಂ ಆಗಿ ಉಳಿದರೆ ಆಮೇಲೆ ಉಳಿದ ಸೈನಿಕರ ನಿಯಮ. ಅಲ್ಲಿ ತನಕ 30 ದಿನವನ್ನು ಎಚ್ಚರವಾಗಿ ಖರ್ಚು ಮಾಡೋಕೆ ಹೇಳಿ. ನಮ್ಮ ಸೆಕ್ಷನ್‌ನಲ್ಲಿ ಇಬ್ಬರು ಅಗ್ನಿವೀರ್ ಹುಡುಗರಿದ್ದಾರೆ. ನಾವು ಎರಡನೇ ಸಲ ಊರಿಗೆ ಹೊರಟಾಗ ಅವರ ಮುಖ ನೋಡೋಕೆ ಕಷ್ಟ ಆಗುತ್ತದೆ. ಅದೇ ಪೋಸ್ಟ್, ಅದೇ ಚಳಿ, ಅದೇ ಡ್ಯೂಟಿ. ನನ್ನ ಅಭಿಪ್ರಾಯ ಕೇಳಿದರೆ, ಅವರ ರಜೆ ಹೆಚ್ಚಾಗಬೇಕು.

ಹಾಗೇ ಜಗಳೂರಿನ ಅಕ್ಕನಿಗೆ ದಾರಿ ಬಗ್ಗೆ ಒಂದು ಮಾತು. ನಾನು ಈಗ ಸರ್ವಿಸ್‌ನಲ್ಲಿದ್ದೇನೆ, ಹಾಗಾಗಿ ಎಲ್ಲಿ ಅಂತ ಹೇಳುವುದಿಲ್ಲ. ಹಿಂದೆ ತವಾಂಗ್ ಕಡೆ ಇದ್ದೆ. ಅಲ್ಲಿಂದ ದಾವಣಗೆರೆ ಅಂದರೆ ಸುಮ್ನೆ ಒಂದು ರಾತ್ರಿಯ ಪಯಣ ಅಲ್ಲ. ಪೋಸ್ಟ್‌ನಿಂದ ಕೆಳಗಿಳಿಯೋಕೆ ಗಾಡಿ ಸಿಗಬೇಕು. ಮೊದಲು ಸೇಲಾ ಪಾಸ್‌ನಲ್ಲಿ ಹಿಮ ಬಿದ್ದರೆ ಗಾಡಿಗಳು ಅಲ್ಲೇ ನಿಲ್ಲುತ್ತಿದ್ದವು. 2024ರ ಮಾರ್ಚ್‌ನಲ್ಲಿ ಸೇಲಾ ಸುರಂಗ ಶುರುವಾದ ಮೇಲೆ ಆ ಕಷ್ಟ ತಗ್ಗಿದೆ. ಮಳೆಗಾಲದಲ್ಲಿ ಗುಡ್ಡ ಜಾರೋದು ಈಗಲೂ ಇದೆ. ಆಮೇಲೆ ಗುವಾಹಟಿ. ಅಲ್ಲಿಂದ ಬೆಂಗಳೂರಿಗೆ ರೈಲಲ್ಲಿ ಎರಡು ದಿನಕ್ಕೂ ಜಾಸ್ತಿ. ಬೆಂಗಳೂರಿನಿಂದ ದಾವಣಗೆರೆ, ದಾವಣಗೆರೆಯಿಂದ ಜಗಳೂರಿಗೆ ಬಸ್.

ರೈಲಿಗೆ ವಾರಂಟ್ ಇದೆ, ಅಂದರೆ ಊರಿಗೆ ಹೋಗಿಬರೋಕೆ ಸರ್ಕಾರಿ ಖರ್ಚಿನ ಟಿಕೆಟ್. ಈಗ ಡಿಫೆನ್ಸ್ ಟ್ರಾವೆಲ್ ಸಿಸ್ಟಮ್‌ನಲ್ಲಿ ಆನ್‌ಲೈನ್ ಬುಕ್ ಆಗುತ್ತದೆ. ದೊಡ್ಡ ಸ್ಟೇಷನ್‌ಗಳಲ್ಲಿ ಎಂಸಿಒ, ಅಂದರೆ ಸೈನಿಕರ ಪ್ರಯಾಣ ನೋಡಿಕೊಳ್ಳುವ ಸೇನೆಯ ಆಫೀಸ್ ಇರುತ್ತದೆ, ರೈಲಲ್ಲಿ ಡಿಫೆನ್ಸ್ ಕೋಟಾ ಇರುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಕೋಟಾವೂ ಬೇಗ ತುಂಬುತ್ತದೆ. ನಾನು ಒಂದು ಸಲ ಬಾಗಿಲ ಹತ್ತಿರ ಟ್ರಂಕ್ ಮೇಲೆ ಕೂತೇ ಬಂದಿದ್ದೇನೆ. ಹಾಗಾಗಿ 20 ದಿನ ರಜೆ ಸಿಕ್ಕರೆ 20 ದಿನವೂ ಮನೆಯಲ್ಲಿ ಅಂತ ಅಪ್ಪ ಲೆಕ್ಕ ಹಾಕುವುದು ಬೇಡ. ಎರಡೂ ಕಡೆ ದಾರಿಗೆ ಅಂತ ಕೈಯಲ್ಲಿ ದಿನ ಇಟ್ಟುಕೊಳ್ಳಲೇಬೇಕು. ಪಂಜಾಬ್, ರಾಜಸ್ಥಾನ ಕಡೆ ಇರುವ ನಮ್ಮ ಜಿಲ್ಲೆಯ ಹುಡುಗರು ಪುಣ್ಯವಂತರು. ಚಂಡೀಗಢದ ಸಂಪರ್ಕ ಕ್ರಾಂತಿ, ಅಜ್ಮೀರ್ ರೈಲು ನೇರವಾಗಿ ದಾವಣಗೆರೆಗೇ ಬಂದು ಇಳಿಸುತ್ತವೆ.

ಚಳ್ಳಕೆರೆ ಶೇಂಗಾ:

ನಮ್ಮಣ್ಣ ಸಿಆರ್‌ಪಿಎಫ್. ಅವರಿಗೂ ಇದೇ ನಿಯಮವಾ?

ಚನ್ನಗಿರಿ ಫೌಜಿ:

ಅವರದು ಗೃಹ ಇಲಾಖೆ, ನಮ್ಮದು ರಕ್ಷಣಾ ಇಲಾಖೆ. ರಜೆ ನಿಯಮವೂ ಬೇರೆ. ಊರಲ್ಲಿ ಎಲ್ಲರನ್ನೂ "ಮಿಲಿಟರಿ" ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ, ಅದಕ್ಕೇ ಗೊಂದಲ. ಅವರು ವರ್ಷಕ್ಕೆ 100 ದಿನ ಮನೆಯವರ ಜೊತೆ ಕಳೆಯುವ ಹಾಗೆ ಮಾಡುತ್ತೇವೆ ಅಂತ ಕೇಂದ್ರ ಗೃಹ ಸಚಿವರು 2019ರಲ್ಲಿ ಹೇಳಿದ್ದರು. ಅಣ್ಣನಿಗೆ ಈಗ ಎಷ್ಟು ಸಿಗುತ್ತಿದೆ ಅನ್ನೋದನ್ನು ಅವರ ಬೆಟಾಲಿಯನ್‌ನಲ್ಲೇ ಕೇಳಿ.

2019ರ ಫೆಬ್ರವರಿ 14 ನೆನಪಿದೆಯಲ್ಲ? ಪುಲ್ವಾಮಾದಲ್ಲಿ ಹುತಾತ್ಮರಾದ 40 ಜನ ಸಿಆರ್‌ಪಿಎಫ್ ಯೋಧರು. ಜಮ್ಮುವಿನಿಂದ ಶ್ರೀನಗರಕ್ಕೆ ಹೊರಟಿದ್ದ ಆ ಕಾನ್ವಾಯ್‌ನಲ್ಲಿ ರಜೆ ಮುಗಿಸಿ ವಾಪಸ್ ಹೋಗುತ್ತಿದ್ದವರು ಬಹಳ ಜನ. ನಮ್ಮ ಮಂಡ್ಯ ಜಿಲ್ಲೆಯ ಯೋಧನೂ ಇದ್ದ. ಅದಾದ ಒಂದು ವಾರಕ್ಕೆ ಗೃಹ ಇಲಾಖೆ ಆದೇಶ ಬಂತು. ದೆಹಲಿ–ಶ್ರೀನಗರ, ಜಮ್ಮು–ಶ್ರೀನಗರ ನಡುವೆ ಕಾನ್‌ಸ್ಟೇಬಲ್‌ಗಳಿಂದ ಹಿಡಿದು ಎಲ್ಲರೂ ವಿಮಾನದಲ್ಲಿ ಹೋಗಬಹುದು, ರಜೆಗೆ ಹೋಗಿ ಬರುವಾಗಲೂ. ಎಷ್ಟು ಮನೆಗಳು ಬರಿದಾದ ಮೇಲೆ ಬಂದ ಆದೇಶ ಅಂತ ನೆನೆದರೆ ಈಗಲೂ ಎದೆ ಭಾರ ಆಗುತ್ತದೆ.

ಹೊಸದುರ್ಗದ ತಮ್ಮ:

ಅಣ್ಣಂದಿರೇ, ಒಂದು ಅರ್ಜೆಂಟ್ ವಿಷಯ. ನಮ್ಮ ಭಾವ ರಜೆಗೆ ಬಂದಿದ್ದರು. ಅವರ ತಾಯಿಗೆ ಪಾರ್ಶ್ವವಾಯು ಆಗಿ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಾರೆ. ಭಾವನ ರಜೆ ಮುಗಿದು ಐದು ದಿನ ಆಯಿತು. ಹೇಗೂ ತಡ ಆಗಿದೆ, ಅತ್ತೆ ಹುಷಾರಾದ ಮೇಲೆ ಹೋಗಿ ಹೇಳಿದರಾಯಿತು ಅನ್ನುತ್ತಿದ್ದಾರೆ. ಯೂನಿಟ್‌ಗೆ ಫೋನ್ ಮಾಡೋಕೆ ಹೆದರಿಕೆ. ಏನಾಗುತ್ತದೆ?

ಹೊಳಲ್ಕೆರೆ ಮಾಜಿ ಹವಾಲ್ದಾರ್:

ತಮ್ಮಾ, ಈ ಸಾಲು ಓದಿದ ತಕ್ಷಣ ಭಾವನ ಕೈಗೆ ಫೋನ್ ಕೊಡು. ಮೊದಲು ಕಂಪನಿಗೆ ಫೋನ್ ಮಾಡಿಸು, ಆಮೇಲೆ ಉಳಿದದ್ದನ್ನು ಓದು.

1950ರ ಸೇನಾ ಕಾಯ್ದೆಯ 39ನೇ ಸೆಕ್ಷನ್ ಇದಕ್ಕೇ ಇರೋದು. ತಕ್ಕ ಕಾರಣ ಇಲ್ಲದೆ ರಜೆ ಮೀರಿ ಉಳಿದರೆ ಅಪರಾಧ. ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನೆಯದೇ ನ್ಯಾಯಾಲಯದಲ್ಲಿ, ಮೂರು ವರ್ಷದ ತನಕ ಜೈಲು ಶಿಕ್ಷೆ ಕೊಡಬಹುದು. ಐದು ದಿನಕ್ಕೆ ಯಾರೂ ಅಷ್ಟು ದೂರ ಹೋಗುವುದಿಲ್ಲ, ಹೆದರಬೇಡ. ಆದರೆ 30 ದಿನ ಸುದ್ದಿಯೇ ಇಲ್ಲದೆ ಕಳೆದರೆ ಕೋರ್ಟ್ ಆಫ್ ಎಂಕ್ವೈರಿ, ಅಂದರೆ ಸೇನೆಯ ಒಳಗಿನ ವಿಚಾರಣೆ ಕೂರುತ್ತದೆ. ಅದರಲ್ಲಿ ಗೈರುಹಾಜರಿ ಅಂತ ಬರೆದ ಮೇಲೂ ಅವನು ತಾನಾಗಿ ಹಾಜರಾಗದೆ, ಕೈಗೂ ಸಿಗದೆ ಹೋದರೆ ಅವನನ್ನು ಓಡಿಹೋದವನು ಅಂತಲೇ ಹಿಡಿಯುತ್ತಾರೆ. ಪೊಲೀಸರಿಗೆ ಪತ್ರ ಬರುತ್ತದೆ, ಊರ ಮುಂದೆ ಜೀಪ್ ನಿಲ್ಲುತ್ತದೆ. ತಾಯಿಗೋಸ್ಕರ ನಿಂತವನಿಗೆ ಆ ಹೆಸರು ಯಾಕೆ?

ಕಾಯ್ದೆಯಲ್ಲಿ "ತಕ್ಕ ಕಾರಣ ಇಲ್ಲದೆ" ಅನ್ನೋ ಮಾತಿದೆ ನೋಡು, ಭಾವನಿಗೆ ದಾರಿ ಅಲ್ಲೇ ಇದೆ. ಅವರ ಹತ್ತಿರ ಕಾರಣ ಇದೆ. ಅದನ್ನು ಕಾಗದದಲ್ಲಿ ತೋರಿಸಬೇಕು, ಬೇಗ ತೋರಿಸಬೇಕು. ಆಸ್ಪತ್ರೆಗೆ ಸೇರಿಸಿದ ದಿನ, ಕಾಯಿಲೆಯ ಹೆಸರು, ಡಾಕ್ಟರ ಸಹಿ, ಸೀಲು ಇರುವ ಪತ್ರ ತಗೊಳ್ಳಿ. ಫೋನಲ್ಲಿ ಹೇಳಿದ್ದನ್ನೇ ಬರೆದು ಪತ್ರದ ಫೋಟೋ ಜೊತೆ ಕಳಿಸಿ. ರಜೆ ಇನ್ನಷ್ಟು ದಿನ ಬೇಕು ಅಂತ ಸ್ಪಷ್ಟವಾಗಿ, ದಿನ ಎಣಿಸಿ ಕೇಳಿ. ಬಾಕಿ ರಜೆ ಇದ್ದರೆ ಅದರಲ್ಲಿ ಸರಿಮಾಡಬಹುದು. ಫೋನ್ ಮಾಡಿದ ಹೊತ್ತು, ಎತ್ತಿದವರ ರ‍್ಯಾಂಕ್ ಬರೆದಿಟ್ಟುಕೊಳ್ಳಿ. ಸೈನಿಕನಿಗೇ ಕಾಯಿಲೆ ಆದರೆ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಬೇಕು. ಹೋಗೋಕೆ ಆಗದ ಸ್ಥಿತಿ ಇದ್ದರೆ ಸರ್ಕಾರಿ ಆಸ್ಪತ್ರೆಯ ಪತ್ರ ಮಾಡಿಸಿ ಯೂನಿಟ್‌ಗೆ ತಿಳಿಸಬೇಕು. ದಾರಿ ಕಾಣದಿದ್ದರೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ. ಅಲ್ಲಿರುವವರು ಹೆಚ್ಚಾಗಿ ನಮ್ಮ ಹಾಗೆ ಸರ್ವಿಸ್ ಮಾಡಿ ಬಂದವರೇ.

ನನಗೂ ಆಗಿದೆ. 90ರ ದಶಕ. ಅವ್ವನಿಗೆ ಹುಷಾರಿಲ್ಲದೆ ನಾಲ್ಕು ದಿನ ತಡ ಆಯಿತು. ಆಗ ಟೆಲಿಗ್ರಾಂ ಕೊಡಬೇಕಿತ್ತು. ಕೊಟ್ಟೆ. ಅದು ನಾನು ಯೂನಿಟ್ ತಲುಪಿದ ಮೇಲೆ ತಲುಪಿತು! ಗೇಟಿನಲ್ಲೇ ನಿಲ್ಲಿಸಿದರು. ಮಾರನೇ ದಿನ ಸಿಒ, ಅಂದರೆ ಕಮಾಂಡಿಂಗ್ ಆಫೀಸರ್ ಸಾಹೇಬರ ಮುಂದೆ ಬೆಲ್ಟ್, ಟೋಪಿ ತೆಗೆದು ನಿಂತಿದ್ದೆ. ಟೆಲಿಗ್ರಾಂ ಕೊಟ್ಟ ರಸೀದಿ ಜೇಬಿನಲ್ಲಿತ್ತು. ಅದನ್ನು ನೋಡಿದರು. ಆ ನಾಲ್ಕು ದಿನವನ್ನು ನನ್ನ ರಜೆಯಲ್ಲೇ ಕಳೆದು, "ಜಾವೋ, ಮಾಂಜೀ ಕೈಸೀ ಹೈ?" ಅಂದರೆ ಹೋಗು, ತಾಯಿ ಹೇಗಿದ್ದಾರೆ ಅಂತ ಕೇಳಿದರು. ಆ ರಸೀದಿಯನ್ನು ನಾನು ಪೆನ್ಷನ್ ಬರುವ ತನಕ ಟ್ರಂಕ್‌ನಲ್ಲಿ ಇಟ್ಟುಕೊಂಡಿದ್ದೆ.

ಹೊಸದುರ್ಗದ ತಮ್ಮ:

ಫೋನ್ ಮಾಡಿಸಿದೆ ಅಣ್ಣ. ಸುಬೇದಾರ್ ಸಾಹೇಬರು ಮೊದಲು ಬೈದರಂತೆ, ಆಮೇಲೆ ಪೇಪರ್ ಕಳಿಸು ಅಂದರಂತೆ. ಕಳಿಸಿದ್ದೇವೆ. ಹತ್ತು ದಿನ ಸಿಕ್ಕಿದೆ. ಭಾವ ನಿನ್ನೆ ರಾತ್ರಿ ಮೊದಲನೇ ಸಲ ನಿದ್ದೆ ಮಾಡಿದರು.

ದಾವಣಗೆರೆ ವಕೀಲೆ:

ಕಾಯ್ದೆಯ ಮಾತು ಬಂದದ್ದಕ್ಕೆ ಒಂದು ಉಪಯೋಗದ ವಿಷಯ ಸೇರಿಸುತ್ತೇನೆ. ನಮ್ಮ ಭಾಗದ ಬಹಳ ಸೈನಿಕ ಕುಟುಂಬಗಳಿಗೆ ಇದು ಗೊತ್ತಿಲ್ಲ.

ಅದೇ ಸೇನಾ ಕಾಯ್ದೆಯ 32ನೇ ಸೆಕ್ಷನ್ ನೋಡಿ. ಸೈನಿಕನ ಹೆಸರಲ್ಲಿ ಜಮೀನು ವಿಭಾಗ, ದಾರಿ ತಕರಾರು, ಈ ಥರ ಸಿವಿಲ್ ದಾವೆ ಇದ್ದರೆ, ಅದನ್ನು ನಡೆಸೋಕೇ ಅಂತ ರಜೆ ಕೊಟ್ಟಿದ್ದೇವೆ ಎಂಬ ಪ್ರಮಾಣಪತ್ರವನ್ನು ಸೇನೆಯ ಅಧಿಕಾರಿ ಕೊಡುತ್ತಾರೆ. ಅದನ್ನು ಅರ್ಜಿ ಜೊತೆ ಕೋರ್ಟಿಗೆ ಹಾಕಿದರೆ, ಆದಷ್ಟು ಮಟ್ಟಿಗೆ ಆ ರಜೆಯ ಒಳಗೇ ದಾವೆಯನ್ನು ಕೇಳಿ ತೀರ್ಮಾನಿಸುವ ಹಾಗೆ ಕೋರ್ಟ್ ದಿನ ಹೊಂದಿಸಬೇಕು. ಪ್ರಮಾಣಪತ್ರದಲ್ಲಿ ರಜೆಯ ಮೊದಲ ಮತ್ತು ಕೊನೆಯ ದಿನ, ಯಾವ ದಾವೆ ಅನ್ನೋದು ಬರೆದಿರಬೇಕು. ನನ್ನ ಹತ್ತಿರ ಬರುವ ಹುಡುಗರು ರಜೆ ಮುಗಿಯೋಕೆ ನಾಲ್ಕು ದಿನ ಇದ್ದಾಗ ಬರುತ್ತಾರೆ, ಅದೂ ಬರಿಗೈಯಲ್ಲಿ. ರಜೆಗೆ ಅರ್ಜಿ ಹಾಕುವಾಗಲೇ ಈ ಪತ್ರ ಕೇಳಿ ತನ್ನಿ. ವಕೀಲರಿಗೆ ಒಂದು ತಿಂಗಳು ಮುಂಚೆಯೇ ಫೋನಲ್ಲಿ ದಿನ ಹೇಳಿ.

ಇನ್ನೊಂದಿದೆ. 1925ರ ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಆಕ್ಟ್. ಯುದ್ಧದಂಥ ವಿಶೇಷ ಸ್ಥಿತಿಯಲ್ಲಿ ಸೇವೆ ಮಾಡುತ್ತಿರುವ ಸೈನಿಕ ಕೋರ್ಟಿಗೆ ಬರಲಾಗದಿದ್ದಾಗ, ಅವನ ಬೆನ್ನ ಹಿಂದೆ ತೀರ್ಪು ಆಗಿಬಿಡದಂತೆ ಅದು ಕಾಯುತ್ತದೆ. ದಾಯಾದಿಗಳು "ಅವನು ಬಾರ್ಡರ್‌ನಲ್ಲಿದ್ದಾನೆ, ಈಗಲೇ ಮುಗಿಸಿಬಿಡೋಣ" ಅಂತ ಹೊರಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಚಳ್ಳಕೆರೆ ಶೇಂಗಾ:

ಮೇಡಂ, ಇದು ನಮ್ಮ ಮನೆಯದೇ ಕಥೆ. ಅಣ್ಣ ಸಿಆರ್‌ಪಿಎಫ್ ಅಂದೆನಲ್ಲ, 32ನೇ ಸೆಕ್ಷನ್ ಅವರಿಗೂ ಬರುತ್ತದಾ?

ದಾವಣಗೆರೆ ವಕೀಲೆ:

ಸೇನಾ ಕಾಯ್ದೆ ಸೇನೆಯವರಿಗೆ. ಸಿಆರ್‌ಪಿಎಫ್‌ಗೆ ಅದರದೇ ಕಾಯ್ದೆ ಇದೆ. ಆದರೂ ಅಣ್ಣನ ರಜೆ ಪತ್ರ ಇಟ್ಟು ಬೇಗ ವಿಚಾರಣೆ ಕೇಳಿ ಅರ್ಜಿ ಹಾಕೋಕೆ ಯಾವ ಅಡ್ಡಿಯೂ ಇಲ್ಲ. ಹಾಕಿ.

ದುರ್ಗದ ಸೊಸೆ:

ರಜೆ ಕೊಟ್ಟ ಮೇಲೂ ಅದು ನಮ್ಮದಲ್ಲ ಅನ್ನೋದನ್ನೂ ಹೇಳಬೇಕು. 2025ರ ಮೇ. ಯಜಮಾನರು ಬಂದು ಎಂಟು ದಿನ ಆಗಿತ್ತು. ಆಪರೇಷನ್ ಸಿಂಧೂರ್ ಶುರುವಾಯಿತು. ಟಿವಿ ನೋಡುತ್ತಲೇ ಅವರು ಬ್ಯಾಗ್ ಕೆಳಗಿಳಿಸಿದರು. ಫೋನ್ ಬಂದದ್ದು ಆಮೇಲೆ. ಮಗಳ ಹುಟ್ಟುಹಬ್ಬ ಮಾರನೇ ದಿನ ಇತ್ತು, ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ ಕೇಕ್ ಕತ್ತರಿಸಿದೆವು. ಬೆಳಿಗ್ಗೆ ಬಸ್ ಹತ್ತಿಸುವಾಗ ಅತ್ತೆ ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ನಮ್ಮ ಬೀದಿಯವರೆಲ್ಲ ಬಂದು ನಿಂತಿದ್ದರು. ಆ ಮೇ ತಿಂಗಳಲ್ಲಿ ದೇಶದ ಎಷ್ಟೋ ಮನೆಗಳಲ್ಲಿ ಹೀಗೇ ಆಯಿತು. ಮದುವೆಯಾಗಿ ಮೂರ್ನಾಲ್ಕು ದಿನಕ್ಕೆ ಹೊರಟ ಹುಡುಗರೂ ಇದ್ದರು.

ಹೊಳಲ್ಕೆರೆ ಮಾಜಿ ಹವಾಲ್ದಾರ್:

ನನಗೆ 1999ರ ಕಾರ್ಗಿಲ್ ನೆನಪಾಯಿತು ತಂಗಿ. ನಾನೂ ರಜೆ ಅರ್ಧಕ್ಕೆ ಬಿಟ್ಟು ಹೋದವನೇ. ಕರೆ ಬಂದ ಮೇಲೆ ತಕ್ಕ ಕಾರಣ ಇಲ್ಲದೆ ಮನೆಯಲ್ಲೇ ಉಳಿಯುವುದೂ ಅದೇ 39ನೇ ಸೆಕ್ಷನ್‌ನ ಒಳಗೆ ಬರುತ್ತದೆ. ಆದರೆ ಆಗ ರೈಲು ತುಂಬಾ ನಮ್ಮವರೇ ಇದ್ದರು. ಕಾಯ್ದೆಗೆ ಹೆದರಿ ಬಂದವನು ಒಬ್ಬನೂ ಇರಲಿಲ್ಲ.

ಉಳಿದ ರಜೆ ಬಗ್ಗೆಯೂ ಹೇಳಿಬಿಡುತ್ತೇನೆ, ಬಹಳ ಜನ ಕೇಳುತ್ತಾರೆ. ಕೆಲಸದ ಒತ್ತಡದಿಂದ ತಗೊಳ್ಳೋಕಾಗದ ಆನ್ಯುವಲ್ ಲೀವ್‌ನಲ್ಲಿ ವರ್ಷಕ್ಕೆ 30 ದಿನದ ತನಕ ಕೂಡಿಡುತ್ತಾರೆ. ಒಟ್ಟು 300 ದಿನದ ತನಕ, ನಿವೃತ್ತಿಯಾಗುವಾಗ ದುಡ್ಡಾಗಿ ಬರುತ್ತದೆ. ಕ್ಯಾಶುಯಲ್ ಲೀವ್ ಹಾಗಲ್ಲ, ವರ್ಷದೊಳಗೆ ತಗೊಳ್ಳದಿದ್ದರೆ ಹೋಯಿತು. ನನಗೆ ಬಂದ ಆ ದುಡ್ಡಿನಲ್ಲಿ ಮನೆಗೆ ಆರ್‌ಸಿಸಿ ಹಾಕಿಸಿದೆ. ಹಾಕಿಸುವಾಗ ಅನಿಸಿತ್ತು, ಅವ್ವನ ಜೊತೆ ಕೂರಬೇಕಿದ್ದ ದಿನಗಳು ಇವು ಅಂತ.

ಹರಿಹರದ ಅಣ್ಣ:

ಹೆಣ್ಣುಮಕ್ಕಳೂ ಈಗ ಸೇನೆಯಲ್ಲಿದ್ದಾರೆ. ನಮ್ಮ ಚಿಕ್ಕಪ್ಪನ ಮಗಳು ಮಿಲಿಟರಿ ಪೊಲೀಸ್‌ಗೆ ತಯಾರಿ ಮಾಡುತ್ತಿದ್ದಾಳೆ. ಅವರಿಗೆ ಹೆರಿಗೆ ರಜೆ ಹೇಗೆ?

ಚನ್ನಗಿರಿ ಫೌಜಿ:

180 ದಿನ, ಪೂರ್ತಿ ಸಂಬಳದ ಜೊತೆ, ಎರಡು ಮಕ್ಕಳ ತನಕ. ಮೊದಲು ಅಧಿಕಾರಿಗಳಿಗೆ ಮಾತ್ರ ಇದ್ದ ಹೆರಿಗೆ, ಮಕ್ಕಳ ಆರೈಕೆ, ದತ್ತು ರಜೆಗಳ ಅದೇ ನಿಯಮವನ್ನು 2023ರ ನವೆಂಬರ್‌ನಲ್ಲಿ ರಕ್ಷಣಾ ಸಚಿವರು ಮಹಿಳಾ ಸೈನಿಕರಿಗೂ ಒಪ್ಪಿದರು. ಒಳ್ಳೆಯ ಕೆಲಸ. ತಂಗಿಗೆ ಶುಭವಾಗಲಿ.

ಜಗಳೂರಿನ ಅಕ್ಕ:

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಡೆದದ್ದೆಲ್ಲ ಹೇಳಬೇಕು.

ಮಾಜಿ ಹವಾಲ್ದಾರ್ ಅಣ್ಣ ಬರೆದ ನೂರು ಜನರ ಲೆಕ್ಕವನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಮೆಕ್ಕೆಜೋಳದ ಚೀಲದ ಮೇಲೆ ಕೂತು ಕೇಳಿದರು. ಮಾತಾಡಲಿಲ್ಲ. ರಾತ್ರಿ ಊಟ ಆದ ಮೇಲೆ ತಾವೇ ಫೋನ್ ತಗೊಂಡು ತಮ್ಮನಿಗೆ ಮಾಡಿದರು. "ಏನಪ್ಪಾ, ನಿನ್ನ ಸರದಿ ಯಾವಾಗ ಐತಿ ಹೇಳು" ಅಂದರು. ತಮ್ಮ ಅಳುತ್ತಿದ್ದ ಅಂತ ಕಾಣುತ್ತದೆ, ಅಪ್ಪ ಎರಡು ಸಲ "ಇರಲಿ ಬಿಡು" ಅಂದರು.

ಅವನ ಸರದಿ ಇರೋದು ಮೇ ಕೊನೆಯಿಂದ. ಈಗ ರಜೆಯಲ್ಲಿರುವವರು ವಾಪಸ್ ಬಂದ ಮೇಲೆ ಇವನನ್ನು ಬಿಡುತ್ತಾರೆ. ಮೇ ಎರಡನೇ ವಾರಕ್ಕೇ ಬೇಕು ಅಂದರೆ, ಇವನ ಜೊತೆಗಾರನೊಬ್ಬ ತನ್ನ ರಜೆ ಬಿಟ್ಟುಕೊಡೋಕೆ ತಯಾರಿದ್ದನಂತೆ. ಆ ಹುಡುಗನ ಹೆಂಡತಿಗೆ ಆಗಲೇ ದಿನ ತುಂಬುತ್ತದೆ ಅಂತ ತಮ್ಮ ಹೇಳಿದ. ಅದನ್ನು ಕೇಳಿದ ಮೇಲೆ ಅವ್ವ ಒಂದೇ ಮಾತು ಹೇಳಿದಳು, "ಆ ಹುಡುಗನ ರಜೆ ನಮಗೆ ಬೇಡ."

ಅಪ್ಪ ಮಾರನೇ ದಿನವೇ ಹರಪನಹಳ್ಳಿಗೆ ಹೋದರು. ಬೀಗರು ಬೇಜಾರು ಮಾಡಿಕೊಳ್ಳಲಿಲ್ಲ. ಸ್ವಾಮಿಗಳು ಜೂನ್ ಮೊದಲ ವಾರದಲ್ಲಿ ಇನ್ನೊಂದು ಮುಹೂರ್ತ ತೆಗೆದುಕೊಟ್ಟರು. ಛತ್ರದವರು ಮುಂಗಡವನ್ನು ಹೊಸ ದಿನಕ್ಕೆ ಹಾಕಿಕೊಂಡರು, ಒಂದಿಷ್ಟು ದುಡ್ಡು ಹೋಯಿತು. ಹೋಗಲಿ. ತಮ್ಮ 25 ದಿನಕ್ಕೆ ಅರ್ಜಿ ಹಾಕಿದ್ದಾನೆ. ಕಂಪನಿ ಕಮಾಂಡರ್ ಸಾಹೇಬರು ಕರೆದು ಮಾತಾಡಿಸಿ ಒಪ್ಪಿದ್ದಾರಂತೆ.

ಈಗ ಒಂದು ಪ್ರಶ್ನೆ. ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಕು. ಕೊಡಬಹುದಾ, ಇನ್ನೂ ಕಾಯಬೇಕಾ?

ಹೊಳಲ್ಕೆರೆ ಮಾಜಿ ಹವಾಲ್ದಾರ್:

ಕೊಡಿ ತಂಗಿ. ಮೊದಲ ಪ್ರತಿಯ ಫೋಟೋ ಅವನಿಗೆ ಕಳಿಸಿ, ಅರ್ಜಿ ಜೊತೆ ಇಡಲಿ. ಹೊರಡುವಾಗ ಲೀವ್ ಸರ್ಟಿಫಿಕೇಟ್ ಮತ್ತು ಐಡಿ ಕಾರ್ಡ್ ಬೇರೆ ಬೇರೆ ಜೇಬಿನಲ್ಲಿ ಇಟ್ಟುಕೊಳ್ಳೋಕೆ ಹೇಳಿ. ಬರುವ ಟಿಕೆಟ್ ಜೊತೆ ಹೋಗುವ ಟಿಕೆಟನ್ನೂ ಈಗಲೇ ಮಾಡಿಸಲಿ. ಮದುವೆ ಮನೆ ಗಡಿಬಿಡಿಯಲ್ಲಿ ಅದು ಮರೆತುಹೋಗುತ್ತದೆ.

ಜಗಳೂರಿನ ಅಕ್ಕ:

ಸರಿ ಅಣ್ಣ. ಇವತ್ತು ಸಂಜೆಯೇ ಪ್ರೆಸ್‌ಗೆ ಹೋಗುತ್ತೇವೆ. ಅಪ್ಪ ನಿಮಗೂ, ದುರ್ಗದ ಅಕ್ಕನಿಗೂ ಪತ್ರಿಕೆ ಕಳಿಸಬೇಕು ಅನ್ನುತ್ತಿದ್ದಾರೆ. ವಿಳಾಸವನ್ನು ಇಲ್ಲಿ ಬರೆಯಬೇಡಿ, ನನಗೆ ಬೇರೆಯಾಗಿ ಕಳಿಸಿ.